ಸೇಸಮ್ಮ ಬಾಗಿಲು ಮುಚ್ಚಿದ ಕಥೆ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಬೆಳಗ್ಗೆ ಏಳು ಗಂಟೆಗೇ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. "ಖಜಾಂಚಿಯವರ ನಂಬರ್ ಬೇಕಾಗಿ ಅಂತರಜಾಲದಲ್ಲಿ ಹುಡುಕಿದೆ. ಸಿಕ್ಕಿತು. ಅದರ ಕೆಳಗೇ ನನ್ನ ನಂಬರ್, ಮನೆಯ ವಿಳಾಸ, ಯಾವ ವರ್ಷದ ಚಂದಾ ಬಾಕಿ ಇದೆ ಎಂಬುದೂ ಸಿಕ್ಕಿತು. ಬಾಕಿ ಇರುವುದು ನಿಜ. ಆದರೆ ಅದನ್ನು ಜಗತ್ತಿಗೆಲ್ಲ ಡಂಗುರ ಸಾರಬೇಕಿತ್ತೇ?" ಎಂದರು.

ಸಂಘದ ಜಾಲತಾಣವನ್ನು ನೋಡಿಕೊಳ್ಳುವವನು ನಾನು. ಸಂಬಳವಿಲ್ಲದ ಕೆಲಸ, ಆದ್ದರಿಂದ ಬೈಗುಳಕ್ಕೆ ಮಾತ್ರ ಹಕ್ಕುದಾರ. ಸಭೆಯ ನಡಾವಳಿ, ಸದಸ್ಯರ ಪಟ್ಟಿ, ಸಮಾರಂಭಗಳ ಫೋಟೊ ಎಲ್ಲವನ್ನೂ ಒಂದು ಫೋಲ್ಡರಿನಲ್ಲಿ ತುಂಬಿ, ಮುಖಪುಟದಿಂದ ಅದಕ್ಕೆ ಕೊಂಡಿ ಕೊಡದೆ, ವಿಳಾಸವನ್ನು ಸದಸ್ಯರಿಗೆ ಇಮೇಲ್‌ನಲ್ಲಿ ಕಳಿಸಿದ್ದೆ. ಕೊಂಡಿಯೇ ಇಲ್ಲದ ಮೇಲೆ ಯಾರು ಬರುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಯಾರೋ ಒಬ್ಬರು ಆ ವಿಳಾಸವನ್ನು ಎಲ್ಲೋ ಸಾರ್ವಜನಿಕವಾಗಿ ಹಾಕಿದ್ದರು. ಹುಡುಕು ಯಂತ್ರದ ಜೇಡ, ಅಂದರೆ ಕೊಂಡಿಯಿಂದ ಕೊಂಡಿಗೆ ಹೋಗಿ ಪುಟಗಳನ್ನು ಓದುವ ಅದರ ತಂತ್ರಾಂಶ, ಅದೇ ಎಳೆ ಹಿಡಿದು ಬಂತು. ಫೋಲ್ಡರಿನಲ್ಲಿ ಮುಖಪುಟದ ಕಡತ ಇಲ್ಲದ್ದರಿಂದ ಸರ್ವರ್ ಒಳಗಿದ್ದ ಕಡತಗಳ ಯಾದಿಯನ್ನೇ ಅದರ ಮುಂದೆ ಹರಡಿತು. ಬಂದ ಅತಿಥಿಗೆ ಮನೆಯ ದಾಸ್ತಾನಿನ ಪಟ್ಟಿಯನ್ನು ಕೈಗಿತ್ತ ಹಾಗೆ.

ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸವೇ ಪೆದ್ದು ಕೆಲಸ. ರೋಬಾಟ್ಸ್ ಕಡತವೆಂದು ಒಂದಿದೆ. ಹುಡುಕು ಯಂತ್ರಗಳಿಗೆ 'ಇಲ್ಲಿಗೆ ಬರಬೇಡಿ' ಎಂದು ತಿಳಿಸುವ ಪುಟ್ಟ ಪಠ್ಯ ಕಡತ. ಆ ರೂಢಿ ಶುರುವಾದದ್ದು 1994ರಲ್ಲಿ. ಅದರಲ್ಲಿ ಫೋಲ್ಡರಿನ ಹೆಸರು ಬರೆದು, ಪ್ರವೇಶವಿಲ್ಲ ಎಂದು ನಮೂದಿಸಿ, ಕೈ ತೊಳೆದುಕೊಂಡೆ. ಸಂಜೆ ಸರ್ವರ್‌ಗಳ ನಡುವೆಯೇ ಬದುಕುವ ಗೆಳೆಯನಿಗೆ ಹೆಮ್ಮೆಯಿಂದ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಆ ಕಡತವನ್ನು ಯಾರು ಓದಬಹುದು?" ಎಂದು ಕೇಳಿದ.

"ಹುಡುಕು ಯಂತ್ರಗಳು."

"ಯಾರು ಬೇಕಾದರೂ ಓದಬಹುದು. ಬಚ್ಚಿಡಬೇಕಾದ ಜಾಗದ ಹೆಸರನ್ನು ನೀನು ಹೆಬ್ಬಾಗಿಲಿಗೆ ಬರೆದು ಅಂಟಿಸಿದ್ದೀಯ."

2022ರಲ್ಲಿ ಈ ರೂಢಿ ಅಧಿಕೃತ ಮಾನಕವಾದಾಗ ಆ ದಾಖಲೆಯ ಆರಂಭದಲ್ಲೇ ಈ ನಿಯಮಗಳು ಪ್ರವೇಶಾಧಿಕಾರದ ವ್ಯವಸ್ಥೆಯಲ್ಲ ಎಂದು ಹೇಳಿಬಿಟ್ಟಿದ್ದಾರೆ. ಅದನ್ನು ಓದದೆ ಕೆಲಸಕ್ಕಿಳಿದವನು ನಾನೊಬ್ಬನೇ ಇರಲಿಕ್ಕಿಲ್ಲ ಎಂಬುದೇ ಸಮಾಧಾನ. ಇನ್ನೂ ಒಂದು ಎಡವಟ್ಟಿತ್ತು. ಬರಬೇಡ ಎಂದರೆ ಸಭ್ಯ ಯಂತ್ರ ಬರುವುದಿಲ್ಲ. ಬರದೆ ಹೋದರೆ ಒಳಗಿನ ಕಡತಗಳಿಗೆ ಬೀಗ ಬಿದ್ದಿದೆ ಎಂಬುದು ಅದಕ್ಕೆ ಗೊತ್ತಾಗುವುದೂ ಇಲ್ಲ. ಹಿಂದೆ ನೋಡಿ ಬರೆದಿಟ್ಟುಕೊಂಡದ್ದು ಅದರ ಯಾದಿಯಲ್ಲಿ ಹಾಗೇ ಉಳಿದುಬಿಡಬಹುದು. ಆ ಸಾಲನ್ನು ಅಳಿಸಿದೆ. ಇನ್ನು ನಿಜವಾದ ಬೀಗವೇ ಬೇಕು.

ಮೊದಲು ಹೊಳೆದದ್ದು ಲಾಗಿನ್ ಪುಟ. ಹೆಸರು, ಪಾಸ್‌ವರ್ಡ್ ಕೇಳಿ, ಸರಿಯಿದ್ದರೆ ಪಟ್ಟಿ ತೋರಿಸುವ ಪುಟವೊಂದನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅರ್ಧ ಬರೆದೂ ಬಿಟ್ಟಿದ್ದೆ. ಗೆಳೆಯ ಅದನ್ನೂ ತಡೆದ. ಆ ಪುಟ ಕಾಯುವುದು ತನ್ನನ್ನು ಮಾತ್ರ. ಪಿಡಿಎಫ್ ಕಡತದ ಪೂರ್ತಿ ವಿಳಾಸ ಗೊತ್ತಿದ್ದವನು ಆ ಪುಟವನ್ನು ಮುಟ್ಟದೆ ನೇರವಾಗಿ ಕಡತವನ್ನೇ ಕೇಳುತ್ತಾನೆ, ಸರ್ವರ್ ಕೊಡುತ್ತದೆ. ಫೋಲ್ಡರಿನ ಒಳಗಿರುವ ಪ್ರತಿಯೊಂದಕ್ಕೂ ಕಾವಲು ಬೇಕೆಂದರೆ ಕಾವಲುಗಾರ ಸರ್ವರೇ ಆಗಬೇಕು.

ನಮ್ಮ ಜಾಲತಾಣವನ್ನು ಬಡಿಸುವ ತಂತ್ರಾಂಶದ ಹೆಸರು ಅಪಾಚೆ. ಅದರಲ್ಲಿ ಇದಕ್ಕೆ ಹಳೆಯ, ಸರಳವಾದ ಏರ್ಪಾಡೊಂದಿದೆ. ಫೋಲ್ಡರಿನೊಳಗೆ ಡಾಟ್ ಎಚ್‌ಟಿಆಕ್ಸೆಸ್ ಎಂಬ ಹೆಸರಿನ ಕಡತ ಇಡಬೇಕು. ಅದರಲ್ಲಿ ನಾಲ್ಕೇ ಸಾಲು. ಪರಿಶೀಲನೆಯ ಬಗೆ ಯಾವುದು, ಈ ಜಾಗದ ಹೆಸರೇನು, ಪಾಸ್‌ವರ್ಡ್‌ಗಳ ಕಡತ ಎಲ್ಲಿದೆ, ಯಾರನ್ನು ಒಳಗೆ ಬಿಡಬೇಕು. ಪಾಸ್‌ವರ್ಡ್‌ಗಳ ಕಡತಕ್ಕೆ ರೂಢಿಯ ಹೆಸರು ಡಾಟ್ ಎಚ್‌ಟಿಪಾಸ್‌ಡಬ್ಲ್ಯುಡಿ. ಇಂಗ್ಲಿಷಿನ ಪಾಸ್‌ವರ್ಡ್ ಪದದ ನಡುವಿನಿಂದ ಎರಡಕ್ಷರ ನುಂಗಿದರೆ ಸಿಗುವ ರೂಪ. ಎರಡಕ್ಷರ ಉಳಿಸಿ ಯಾರು ಏನು ಗಳಿಸಿದರೋ, ಅದನ್ನು ಪೂರ್ತಿ ಕಾಗುಣಿತದಲ್ಲಿ ಬರೆದು ನಾನಂತೂ ಮುಂದೆ ಅರ್ಧ ಗಂಟೆ ಕಳೆದುಕೊಂಡೆ.

ನಾಲ್ಕು ಸಾಲಿನ ಕೆಲಸ. ಹತ್ತು ನಿಮಿಷ ಎಂದುಕೊಂಡೆ.

ನೋಟ್‌ಪ್ಯಾಡ್‌ನಲ್ಲಿ ಬರೆದು ಉಳಿಸಿದ ಕಡತಕ್ಕೆ ಅದು ತಾನಾಗಿ ಟಿಎಕ್ಸ್‌ಟಿ ಎಂಬ ಬಾಲ ಅಂಟಿಸಿತ್ತು. ಆ ಬಾಲವನ್ನು ವಿಂಡೋಸ್ ನನ್ನಿಂದ ಮರೆಮಾಡಿತ್ತು. ಬಾಲ ಕತ್ತರಿಸಿ ಸರ್ವರಿಗೆ ಏರಿಸಿದರೆ ಕಡತವೇ ಮಾಯ. ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಅಲ್ಲಿ ಅಡಗಿದ ಕಡತಗಳೆಂದು ಭಾವಿಸುತ್ತಾರೆ, ತೋರಿಸು ಎಂದು ಕೇಳಿದರೆ ಮಾತ್ರ ತೋರಿಸುತ್ತಾರೆ. ಇದು ತಿಳಿಯುವ ಮೊದಲು ಮೂರು ಸಲ ಏರಿಸಿದ್ದೆ.

ಆಮೇಲೆ ಬ್ರೌಸರ್‌ನಲ್ಲಿ ಫೋಲ್ಡರಿನ ವಿಳಾಸ ಹೊಡೆದೆ. ಏನೂ ಆಗಲಿಲ್ಲ. ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯೂ ಇಲ್ಲ, ತಪ್ಪು ಎಂಬ ಸಂದೇಶವೂ ಇಲ್ಲ. ಎಂದಿನಂತೆ ಕಡತಗಳ ಪಟ್ಟಿ ನಗುನಗುತ್ತ ತೆರೆದುಕೊಂಡಿತು. ನನಗೆ ತಪ್ಪು ಸಂದೇಶಗಳೆಂದರೆ ಭಯವಿಲ್ಲ, ಈ ಮೌನಕ್ಕೆ ಭಯ. ಸಾಲುಗಳನ್ನು ಅಕ್ಷರ ಅಕ್ಷರ ತಾಳೆ ನೋಡಿದೆ, ಕಡತ ಅಳಿಸಿ ಮತ್ತೆ ಬರೆದೆ, ಸರ್ವರನ್ನೇ ಮರುಚಾಲನೆ ಮಾಡಿದೆ. ಗೆಳೆಯ ಆಗ ಹೇಳಿಕೊಟ್ಟ ಉಪಾಯವನ್ನು ಈಗಲೂ ಬಳಸುತ್ತೇನೆ. ಆ ಕಡತದ ಮೊದಲ ಸಾಲಿನಲ್ಲಿ ಅರ್ಥವಿಲ್ಲದ ಏನನ್ನಾದರೂ ಬರೆ. ಸರ್ವರ್ ಕಡತವನ್ನು ಓದುತ್ತಿದ್ದರೆ 500 ಎಂಬ ದೋಷ ತೋರಿಸಿ ಗೋಳಾಡುತ್ತದೆ. ಗೋಳಾಡದಿದ್ದರೆ ಅದು ಓದುತ್ತಲೇ ಇಲ್ಲ.

'ಕತ್ತೆ ಕತ್ತೆ' ಎಂದು ಬರೆದೆ. ಗೋಳಾಡಲಿಲ್ಲ.

ಕಾರಣ ಮುಖ್ಯ ಸಂರಚನೆಯಲ್ಲಿ, ಅಂದರೆ ಸರ್ವರ್ ಹೇಗೆ ನಡೆದುಕೊಳ್ಳಬೇಕೆಂದು ಬರೆದಿಡುವ ಕಡತದಲ್ಲಿ ಇತ್ತು. ಫೋಲ್ಡರುಗಳ ಒಳಗಿನ ಈ ಪುಟ್ಟ ಕಡತಗಳ ಮಾತನ್ನು ಕೇಳಬೇಕೇ ಬೇಡವೇ ಎಂದು ನಿರ್ಧರಿಸುವ ಅಲೋ ಓವರ್‌ರೈಡ್ ಎಂಬ ಆದೇಶವಿದೆ. ಅಪಾಚೆಯ 2.4ನೆಯ ಆವೃತ್ತಿಯಲ್ಲಿ, ನಾವು ಬೇರೇನೂ ಹೇಳದಿದ್ದರೆ, ಅದರ ಬೆಲೆ ನನ್, ಅಂದರೆ ಯಾವುದನ್ನೂ ಕೇಳಬೇಡ. ಪಾಸ್‌ವರ್ಡ್ ಕಾವಲಿಗೆ ಅಗತ್ಯವಿರುವಷ್ಟನ್ನೇ ಅನುಮತಿಸುವ ಆಥ್ ಕಾನ್ಫಿಗ್ ಎಂಬ ಸಣ್ಣ ಆಯ್ಕೆಯೂ ಇದೆ. ನಾನು ಅಷ್ಟು ಹೊತ್ತಿಗೆ ಸಿಟ್ಟಿನಲ್ಲಿದ್ದೆ, ಎಲ್ಲವನ್ನೂ ಕೇಳು ಎಂದು ಬರೆದು ಸರ್ವರಿಗೆ ಸಂರಚನೆಯನ್ನು ಮರು ಓದಿಸಿದೆ. ತಕ್ಷಣ 500 ದೋಷ ಬಂತು. ಮತ್ತೆ ತಲೆ ಕೆಡಿಸಿಕೊಂಡು ಇಪ್ಪತ್ತು ನಿಮಿಷ ಹುಡುಕಿದ ಮೇಲೆ ನೆನಪಾಯಿತು: ಕತ್ತೆಗಳನ್ನು ಅಳಿಸಿರಲಿಲ್ಲ.

ಅಳಿಸಿದ ಮೇಲೆ ಪೆಟ್ಟಿಗೆ ಬಂತು. ಹೆಸರು, ಪಾಸ್‌ವರ್ಡ್ ಕೇಳುವ ಆ ಬೂದು ಪೆಟ್ಟಿಗೆಯನ್ನು ಅಷ್ಟು ಸಂಭ್ರಮದಿಂದ ಯಾರೂ ನೋಡಿರಲಾರರು. ಜಾಗದ ಹೆಸರೆಂದು 'ಸದಸ್ಯರ ಕೊಠಡಿ' ಎಂದು ಮುತುವರ್ಜಿಯಿಂದ ಬರೆದಿದ್ದೆ, ನಾನು ಬಳಸುವ ಬ್ರೌಸರ್ ಅದನ್ನು ತೋರಿಸಲೇ ಇಲ್ಲ. ಇರಲಿ. ಹೆಸರು, ಪಾಸ್‌ವರ್ಡ್ ಕೊಟ್ಟೆ. ಮತ್ತೆ 500.

ಈ ಸಲ ದೋಷಗಳ ದಾಖಲೆಯನ್ನು ತೆರೆದೆ. ಇದನ್ನು ಮೊದಲೇ ಮಾಡಬೇಕಿತ್ತು. ಪಾಸ್‌ವರ್ಡ್ ಕಡತ ತೆರೆಯಲಾಗಲಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಜೊತೆಗೆ ಅದು ಹುಡುಕಿದ ದಾರಿಯೂ ಇತ್ತು, ನಾನು ಎಂದೂ ಕಾಲಿಡದ ಅಪಾಚೆಯ ಸಂರಚನಾ ಫೋಲ್ಡರಿನ ದಾರಿ. ಕಡತದ ದಾರಿಯನ್ನು ಬೇರಿನಿಂದ ಪೂರ್ತಿ ಕೊಡದೆ ಬರೀ ಹೆಸರು ಕೊಟ್ಟರೆ, ಅಪಾಚೆ ಅದನ್ನು ನಮ್ಮ ಫೋಲ್ಡರಿನಲ್ಲಿ ಹುಡುಕುವುದಿಲ್ಲ, ತನ್ನ ಮನೆಯಲ್ಲಿ ಹುಡುಕುತ್ತದೆ. ಪೂರ್ತಿ ದಾರಿ ಬರೆದೆ. ಮತ್ತೆ ಅದೇ ದೋಷ. ನುಂಗಬೇಕಾದ ಎರಡಕ್ಷರಗಳನ್ನು ನುಂಗಿರಲಿಲ್ಲ ಎಂದು ಹೇಳಿದೆನಲ್ಲ, ಅದು ಇಲ್ಲೇ. ಸರಿಪಡಿಸಿದರೆ ಮೂರನೆಯ ಸಲ ಅದೇ ಸಂದೇಶ, ಆದರೆ ಮುಂದೆ 'ಅನುಮತಿ ಇಲ್ಲ' ಎಂಬ ಮಾತು ಸೇರಿತ್ತು. ಕಡತವನ್ನು ಗುಟ್ಟಾಗಿಡುವ ಉತ್ಸಾಹದಲ್ಲಿ ನನ್ನೊಬ್ಬನ ಹೊರತು ಯಾರೂ ಓದದಂತೆ ಮಾಡಿದ್ದೆ. ಸರ್ವರ್ ಓಡುವುದು ಬೇರೆ ಬಳಕೆದಾರನ ಹೆಸರಿನಲ್ಲಿ. ಕಾವಲುಗಾರನಿಂದಲೇ ಅತಿಥಿಗಳ ಪಟ್ಟಿಯನ್ನು ಮುಚ್ಚಿಟ್ಟಿದ್ದೆ. ಅವನ ಗುಂಪಿಗೆ ಓದುವ ಅನುಮತಿ ಕೊಟ್ಟು, ಕಡತದ ಅನುಮತಿಯ ಸಂಖ್ಯೆಯನ್ನು 640 ಮಾಡಿದ ಮೇಲೆ ಬಾಗಿಲು ತೆರೆಯಿತು.

ಆ ಕಡತವನ್ನು ಜಾಲತಾಣದ ಫೋಲ್ಡರುಗಳ ಹೊರಗೆ ಇಟ್ಟಿದ್ದೆ, ಅದೊಂದನ್ನು ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಮಾಡಿದ್ದೆ. ಎಚ್‌ಟಿ ಎಂದು ಶುರುವಾಗುವ ಚುಕ್ಕಿ ಕಡತಗಳನ್ನು ಹೊರಗಿನವರಿಗೆ ಕೊಡದಂತೆ ಅಪಾಚೆಯ ಮೂಲ ಸಂರಚನೆಯಲ್ಲಿ ನಿಯಮವಿರುತ್ತದೆ ನಿಜ. ಯಾರೋ ಒಂದು ದಿನ ಸಂರಚನೆ ಬದಲಿಸಿದರೆ ಆ ನಿಯಮವೂ ಹೋಗಬಹುದು. ಬ್ರೌಸರ್ ತಲುಪಲಾರದ ಜಾಗದಲ್ಲೇ ಇಟ್ಟರೆ ನೆಮ್ಮದಿ.

ಅಧ್ಯಕ್ಷರಿಗೆ ಒಂದು ಹೆಸರು ಮಾಡಿ ಕಳಿಸಿದೆ. ಒಳಗೆ ಹೋದರು, ಮೆಚ್ಚಿದರು. ಮರುದಿನ ಕಾರ್ಯದರ್ಶಿಗೆ ಒಂದು, ಖಜಾಂಚಿಗೆ ಒಂದು, ಉಳಿದ ಸದಸ್ಯರೆಲ್ಲರಿಗೆಂದು ಒಂದು ಸಮಾನ ಹೆಸರು ಮಾಡಿದೆ. ಸಂಜೆ ಅಧ್ಯಕ್ಷರ ಫೋನ್. "ನಿನ್ನೆ ಬಿಟ್ಟವರು ಇವತ್ತು ಬಿಡುತ್ತಿಲ್ಲ. ನನ್ನನ್ನು ಇಳಿಸಿದ್ದೀರಾ?" ಹಾಸ್ಯಕ್ಕೆ ಹೇಳಿದರೋ ನಿಜವಾಗಿ ಕೇಳಿದರೋ ಚುನಾವಣೆ ಹತ್ತಿರವಿದ್ದುದರಿಂದ ತಿಳಿಯಲಿಲ್ಲ. ಕಡತ ತೆರೆದು ನೋಡಿದರೆ ಅದರಲ್ಲಿ ಒಂದೇ ಸಾಲು, ಕೊನೆಯಲ್ಲಿ ಸೇರಿಸಿದ ಸದಸ್ಯರ ಹೆಸರು. ಪಾಸ್‌ವರ್ಡ್ ಸೇರಿಸುವ ಆಜ್ಞೆಗೆ ಮೈನಸ್ ಸಿ ಎಂಬ ಆಯ್ಕೆ ಕೊಟ್ಟರೆ ಹೊಸ ಕಡತ ಸೃಷ್ಟಿಸು ಎಂದರ್ಥ. ಹಳೆಯದು ಇದ್ದರೆ ಅದನ್ನು ಒರೆಸಿಯೇ ಸೃಷ್ಟಿಸುತ್ತದೆ, ಖಂಡಿತವೇ ಎಂದು ಒಂದು ಮಾತೂ ಕೇಳುವುದಿಲ್ಲ. ಹಿಂದಿನ ದಿನದ ಆಜ್ಞೆಯನ್ನೇ ಬಾಣದ ಗುಂಡಿ ಒತ್ತಿ ಮರಳಿ ತಂದು, ಹೆಸರು ಮಾತ್ರ ಬದಲಿಸಿ, ಮೂರು ಸಲ ಓಡಿಸಿದ್ದೆ. ಪ್ರತಿ ಹೊಸಬ ಬಂದಾಗ ಹಳಬ ಹೊರಗೆ. ಮೊದಲ ಸಲ ಮಾತ್ರ ಮೈನಸ್ ಸಿ, ಆಮೇಲೆ ಅದನ್ನು ಮುಟ್ಟಬಾರದು.

ಮರಳಿ ಎಲ್ಲರ ಪಾಸ್‌ವರ್ಡ್ ಬರೆಯುವಾಗ ಇನ್ನೊಂದು ಹುಳುಕು ಹೊರಬಿತ್ತು. ನನ್ನ ಪಾಸ್‌ವರ್ಡ್ ಉದ್ದದ್ದು. ಟೈಪ್ ಮಾಡುತ್ತಿದ್ದಾಗ ಬೆರಳು ತಪ್ಪಿ ಮಧ್ಯದಲ್ಲೇ ಎಂಟರ್ ಒತ್ತಿದೆ. ಬಾಗಿಲು ತೆರೆಯಿತು. ಬ್ರೌಸರ್ ನೆನಪಿಟ್ಟುಕೊಂಡಿರಬೇಕೆಂದು ಖಾಸಗಿ ಕಿಟಕಿ ತೆರೆದು ಪುನಃ ಅರ್ಧ ಟೈಪ್ ಮಾಡಿದೆ. ಮತ್ತೆ ತೆರೆಯಿತು. ಒಂದೊಂದೇ ಅಕ್ಷರ ಕಡಿಮೆ ಮಾಡುತ್ತ ಬಂದೆ. ಮೊದಲ ಎಂಟು ಅಕ್ಷರ ಸರಿಯಿದ್ದರೆ ಸಾಕು, ಮುಂದೆ ಏನು ಬರೆದರೂ ನಡೆಯುತ್ತಿತ್ತು. ನಾನು ಅನುಸರಿಸುತ್ತಿದ್ದ ಹಳೆಯ ಮಾರ್ಗದರ್ಶಿ ಮೈನಸ್ ಡಿ ಎಂಬ ಆಯ್ಕೆ ಬಳಸಲು ಹೇಳಿತ್ತು. ಪಾಸ್‌ವರ್ಡನ್ನು ಕಡತದಲ್ಲಿ ಹಾಗೇ ಬರೆಯದೆ, ಗುರುತು ಸಿಗದಂತೆ ಅರೆದು ಇಡುತ್ತಾರೆ. ಅದು ಹಾಗೆ ಅರೆಯುವ ಕ್ರಿಪ್ಟ್ ಎಂಬ ಹಳೆಯ ಯೂನಿಕ್ಸ್ ವಿಧಾನ. ಎಂಟರ ಆಚೆಗಿನ ಅಕ್ಷರಗಳನ್ನು ಅದು ನೋಡುವುದೇ ಇಲ್ಲ. ಆಜ್ಞೆ ಓಡಿಸಿದಾಗಲೆಲ್ಲ ಪಾಸ್‌ವರ್ಡನ್ನು ಎಂಟಕ್ಕೆ ಕತ್ತರಿಸಲಾಗಿದೆ ಎಂಬ ಎಚ್ಚರಿಕೆಯ ಸಾಲು ಪರದೆಯ ಮೇಲೆ ಬಂದಿತ್ತು. ಪ್ರತಿ ಸಲವೂ. ನಾನು ಓದಿರಲಿಲ್ಲ.

ಅದೇ ಮಾರ್ಗದರ್ಶಿ ನಾಲ್ಕನೆಯ ಸಾಲನ್ನು ಸರ್ವರಿಗೆ ವಿನಂತಿ ಸಲ್ಲಿಸುವ ಗೆಟ್ ಮತ್ತು ಪೋಸ್ಟ್ ಎಂಬ ಎರಡು ವಿಧಾನಗಳಿಗಷ್ಟೇ ಅನ್ವಯಿಸುವ ಲಿಮಿಟ್ ಕಟ್ಟಿನೊಳಗೆ ಇಡಲು ಹೇಳಿತ್ತು. ಅಂದರೆ ಬೇರೆ ವಿಧಾನದಲ್ಲಿ ಬಾಗಿಲು ತಟ್ಟಿದವನಿಗೆ ಕಾವಲೇ ಇಲ್ಲ. ಪ್ರವೇಶದ ನಿಯಮಗಳನ್ನು ಆ ಕಟ್ಟಿನಲ್ಲಿ ಇಡಬೇಡಿ ಎಂದು ಅಪಾಚೆಯ ಕೈಪಿಡಿಯೇ ಹೇಳುತ್ತದೆ. ಕಟ್ಟನ್ನು ಕಿತ್ತುಹಾಕಿದೆ, ಮಾರ್ಗದರ್ಶಿಯನ್ನೂ.

ಈಗಿನ ಒಳ್ಳೆಯ ಆಯ್ಕೆ ಮೈನಸ್ ದೊಡ್ಡ ಬಿ, ಅಂದರೆ ಬಿಕ್ರಿಪ್ಟ್. 1999ರಲ್ಲಿ ಪ್ರಕಟವಾದ ಈ ವಿಧಾನದ ಗುಣವೇ ನಿಧಾನ. ಪಾಸ್‌ವರ್ಡನ್ನು ಬೇಕೆಂದೇ ಅಷ್ಟು ಸುತ್ತು ಅರೆಯುತ್ತದೆ, ಕಡತ ಕದ್ದವನು ಒಂದೊಂದನ್ನೇ ಊಹಿಸಿ ತಾಳೆ ನೋಡಲು ಹೊರಟರೆ ಬೇಸತ್ತು ಹೋಗಬೇಕು. ಎಷ್ಟು ಅರೆಯಬೇಕೆಂಬುದನ್ನು ನಾವೇ ಹೇಳಬಹುದು, 4ರಿಂದ 17ರವರೆಗೆ. ಒಂದು ಮೆಟ್ಟಿಲು ಏರಿದರೆ ಕೆಲಸ ಎರಡರಷ್ಟು. ಹೆಚ್ಚಿದ್ದಷ್ಟೂ ಒಳ್ಳೆಯದೆಂದು 12 ಎಂದೆ. ಫೋಟೊಗಳ ಪುಟ ಆಮೆಯಾಯಿತು. ಈ ಬಗೆಯ ಕಾವಲಿನಲ್ಲಿ ಒಮ್ಮೆ ಒಳಗೆ ಬಂದವನಿಗೆ ಮುದ್ರೆ ಒತ್ತಿ ಕಳಿಸುವ ಪದ್ಧತಿಯಿಲ್ಲ. ಪ್ರತಿ ಚಿತ್ರ, ಪ್ರತಿ ಕಡತ ಕೇಳುವಾಗಲೂ ಬ್ರೌಸರ್ ಹೆಸರು ಮತ್ತು ಪಾಸ್‌ವರ್ಡನ್ನು ಹೊಸದಾಗಿ ಕಳಿಸುತ್ತದೆ, ಸರ್ವರ್ ಹೊಸದಾಗಿ ಅರೆದು ತಾಳೆ ನೋಡುತ್ತದೆ. ಒಂದು ಪುಟದಲ್ಲಿ ನಲವತ್ತು ಫೋಟೊ ಇದ್ದರೆ ನಲವತ್ತು ಸಲ. 8ಕ್ಕೆ ಇಳಿಸಿ, ಪಾಸ್‌ವರ್ಡ್‌ಗಳನ್ನೇ ಉದ್ದ ಮಾಡಿ, ರಾಜಿಯಾದೆ.

ಪ್ರತಿ ಸಲವೂ ಪಾಸ್‌ವರ್ಡ್ ಕಳಿಸುತ್ತದೆ ಎಂದ ಮೇಲೆ ಹೇಗೆ ಕಳಿಸುತ್ತದೆ ಎಂದು ನೋಡುವ ಆಸೆ ಹುಟ್ಟಿತು. ನೋಡದಿದ್ದರೆ ಸುಖವಾಗಿರುತ್ತಿದ್ದೆ. ಬ್ರೌಸರ್‌ನಲ್ಲಿ ಎಫ್12 ಒತ್ತಿದರೆ ಸರ್ವರಿಗೂ ಅದಕ್ಕೂ ನಡೆಯುವ ಸಂಭಾಷಣೆ ಕಾಣುತ್ತದೆ. ಮೊದಲು ಬ್ರೌಸರ್ ಏನನ್ನೂ ಹೇಳದೆ ಪುಟ ಕೇಳುತ್ತದೆ. ಸರ್ವರ್ 401 ಎನ್ನುತ್ತದೆ, ನೀನು ಯಾರು ಎಂಬ ಅರ್ಥದಲ್ಲಿ. ಆಗ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ನಾವು ತುಂಬಿದ್ದನ್ನು ಬ್ರೌಸರ್ ಹೆಸರು, ಕೋಲನ್ ಎಂಬ ಎರಡು ಚುಕ್ಕಿ, ಪಾಸ್‌ವರ್ಡ್ ಎಂದು ಸಾಲಾಗಿ ಜೋಡಿಸಿ, ಬೇಸ್64 ಎಂಬ ಲಿಪಿಗೆ ಬದಲಿಸಿ, ಬೇಸಿಕ್ ಎಂಬ ಪದದ ನಂತರ ಇಟ್ಟು ಕಳಿಸುತ್ತದೆ. ಪರದೆಯ ಮೇಲೆ ಅದು ಯಾರಿಗೂ ಅರ್ಥವಾಗದ ಅಕ್ಷರಗಳ ರಾಶಿಯಾಗಿ ಕಂಡಿತು. ಭದ್ರವಾಗಿದೆ ಎಂದುಕೊಂಡೆ. ಗೆಳೆಯ ಆ ರಾಶಿಯನ್ನು ನಕಲಿಸಿ ಒಂದು ಆಜ್ಞೆಗೆ ಉಣಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಪಾಸ್‌ವರ್ಡ್ ಚುಕ್ಕಿ ಬಿಡದೆ ಅವನ ಪರದೆಯ ಮೇಲಿತ್ತು. ಬೇಸ್64 ಗೂಢಲಿಪಿಯೇ ಅಲ್ಲ, ಬಟ್ಟೆ ಬದಲಾಯಿಸಿದ ಅದೇ ಮನುಷ್ಯ. ಕೀಲಿಯೂ ಬೇಡ, ಬುದ್ಧಿಯೂ ಬೇಡ, ಯಾರು ಬೇಕಾದರೂ ಬಟ್ಟೆ ಬಿಚ್ಚಬಹುದು.

ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಗಳಿಗೆ ಎಚ್‌ಟಿಟಿಪಿ ಎಂದು ಹೆಸರು. ಈ ಪದ್ಧತಿಯನ್ನು ವಿವರಿಸುವ 1996ರ ಎಚ್‌ಟಿಟಿಪಿ ದಾಖಲೆಯಲ್ಲಿ ಉದಾಹರಣೆಗೆಂದು ಕೊಟ್ಟ ಬಳಕೆದಾರನ ಹೆಸರು ಅಲ್ಲಾದ್ದೀನ್. ಅವನ ಪಾಸ್‌ವರ್ಡ್ ಓಪನ್ ಸೆಸಮಿ. ಕನ್ನಡದಲ್ಲಿ ಕಥೆ ಕೇಳಿ ಬೆಳೆದವರಿಗೆ ಅದು 'ಬಾಗಿಲು ತೆಗೆಯೇ ಸೇಸಮ್ಮ'. 2015ರಲ್ಲಿ ಈ ಪದ್ಧತಿಗೆ ಹೊಸ ದಾಖಲೆ ಬರೆದಾಗಲೂ ಅದೇ ಅಲ್ಲಾದ್ದೀನ್, ಅದೇ ಸೇಸಮ್ಮ. ಆ ಮಂತ್ರ ಅಲ್ಲಾದ್ದೀನನದ್ದಲ್ಲ, ಆಲಿಬಾಬಾನದ್ದು ಎಂದು ಯಾರಾದರೂ ಹೇಳಬಹುದಿತ್ತು. ಅಥವಾ ಅದೇ ಪಾಠವೋ ಏನೋ, ಬೇರೆಯವನ ಪಾಸ್‌ವರ್ಡ್ ಅಲ್ಲಾದ್ದೀನನ ಕೈಸೇರಿದೆ. ಕಥೆಯಲ್ಲೂ ಆಲಿಬಾಬಾ ಮಂತ್ರ ಕಲಿತದ್ದು ಕಳ್ಳರು ಬಾಗಿಲ ಮುಂದೆ ನಿಂತು ಗಟ್ಟಿಯಾಗಿ ಕೂಗಿದ್ದನ್ನು ಮರದ ಮೇಲಿಂದ ಕೇಳಿಸಿಕೊಂಡೇ ತಾನೇ?

ನಮ್ಮ ಜಾಲತಾಣದಲ್ಲಿ ಮರದ ಮೇಲೆ ಕೂರಲು ಜಾಗ ಧಾರಾಳವಾಗಿತ್ತು. ಮಾತುಕತೆಯನ್ನು ಗೂಢಲಿಪಿಯಲ್ಲಿ ಸಾಗಿಸುವ ಎಚ್‌ಟಿಟಿಪಿಎಸ್ ಇತ್ತು, ಆದರೆ ಹಳೆಯ ಎಚ್‌ಟಿಟಿಪಿ ವಿಳಾಸವೂ ಕೆಲಸ ಮಾಡುತ್ತಿತ್ತು. ಸದಸ್ಯರಿಗೆ ಹಿಂದೆ ಕಳಿಸಿದ ಇಮೇಲ್‌ನಲ್ಲಿದ್ದದ್ದು ಅದೇ. ಆ ದಾರಿಯಲ್ಲಿ ಬಂದವರ ಪಾಸ್‌ವರ್ಡ್ ದಾರಿಯುದ್ದಕ್ಕೂ ಗಟ್ಟಿಯಾಗಿ ಕೂಗಿಕೊಂಡೇ ಬರುತ್ತಿತ್ತು. ಫೋಲ್ಡರಿನ ಅದೇ ಚುಕ್ಕಿ ಕಡತದಲ್ಲಿ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ದಾಟಿಸು ಎಂಬ ಸಾಲು ಸೇರಿಸಿದೆ. ಮರುದಿನ ಕಾರ್ಯದರ್ಶಿಯವರು, "ಎರಡೆರಡು ಸಲ ಪಾಸ್‌ವರ್ಡ್ ಕೇಳುತ್ತದೆ, ಭದ್ರತೆ ಚೆನ್ನಾಗಿದೆ" ಎಂದು ಹೊಗಳಿದರು. ಹೊಗಳಿಕೆ ಕೇಳಿ ಎದೆ ಧಸಕ್ಕೆಂದಿತು. ಫೋಲ್ಡರಿನ ಕಡತದಲ್ಲಿ ಬರೆದಾಗ ಅಪಾಚೆ ಮೊದಲು ಪಾಸ್‌ವರ್ಡ್ ಪರೀಕ್ಷಿಸುತ್ತದೆ, ದಾಟಿಸುವ ಕೆಲಸಕ್ಕೆ ಆಮೇಲೆ ಬರುತ್ತದೆ. ಬಯಲಿನಲ್ಲಿ ಒಮ್ಮೆ ಕೂಗಿಸಿ, ಆಮೇಲೆ ಒಳಗೆ ಕರೆದು ಇನ್ನೊಮ್ಮೆ ಪಿಸುಗುಟ್ಟಲು ಹೇಳುತ್ತಿತ್ತು.

ದಾಟಿಸುವ ಸಾಲನ್ನು ಮುಖ್ಯ ಸಂರಚನೆಗೆ, ಹಳೆಯ ವಿಳಾಸದ 80ನೆಯ ಪೋರ್ಟಿನ ವಿಭಾಗಕ್ಕೆ ಸಾಗಿಸಿದ ಮೇಲೆ ಪಾಸ್‌ವರ್ಡ್ ಕೇಳುವ ಮೊದಲೇ ದಾಟಿಸಲು ಶುರುವಾಯಿತು. ಅದನ್ನು ಸಾಗಿಸುತ್ತಿದ್ದಾಗ ಗೆಳೆಯ ಸಹಜವಾಗಿ ಕೇಳಿದ. "ಮುಖ್ಯ ಸಂರಚನೆಯೇ ನಿನ್ನ ಕೈಯಲ್ಲಿದೆಯಲ್ಲ, ಆ ಚುಕ್ಕಿ ಕಡತ ಯಾಕೆ ಬೇಕಿತ್ತು?" ಆ ಕಡತ ಇರುವುದು ಮುಖ್ಯ ಸಂರಚನೆ ಮುಟ್ಟಲು ಅಧಿಕಾರವಿಲ್ಲದವರಿಗಾಗಿ, ಹಂಚಿಕೆಯ ಸರ್ವರ್‌ಗಳಲ್ಲಿ ಬಾಡಿಗೆಗೆ ಇರುವವರಿಗಾಗಿ. ಇಡೀ ಯಂತ್ರದ ಯಜಮಾನನಾದವನು ಅದೇ ನಾಲ್ಕು ಸಾಲನ್ನು ಡೈರೆಕ್ಟರಿ ಎಂಬ ವಿಭಾಗದಲ್ಲಿ ಬರೆದರೆ ಮುಗಿಯಿತು. ಚುಕ್ಕಿ ಕಡತಗಳಿಗೆ ಅವಕಾಶ ಕೊಟ್ಟಿದ್ದರೆ ಪ್ರತಿ ವಿನಂತಿಗೂ ಫೋಲ್ಡರ್ ಫೋಲ್ಡರ್ ಇಳಿದು ಅವು ಇವೆಯೇ ಎಂದು ಸರ್ವರ್ ತಡಕಾಡಬೇಕು. ಒಮ್ಮೆಲೇ ಬಾಲ, ಮಾಯ, ಕತ್ತೆಗಳೆಲ್ಲ ನೆನಪಾದವು. ಎಲ್ಲವನ್ನೂ ಸಾಗಿಸಿದೆ, ಚುಕ್ಕಿ ಕಡತ ಅಳಿಸಿದೆ, ಮೊದಲ ದಿನ ನನ್ನನ್ನು ಅಷ್ಟು ಕಾಡಿದ ಆ ನನ್ ಎಂಬ ಪದವನ್ನು ನನ್ನ ಕೈಯಾರೆ ಮತ್ತೆ ಬರೆದೆ. ಜೊತೆಗೆ ಕಡತಗಳ ಯಾದಿ ತೋರಿಸುವುದನ್ನು ನಿಲ್ಲಿಸುವ ಸಾಲನ್ನೂ ಸೇರಿಸಿದೆ. ಬಯಲಲ್ಲಿ ಕೂಗಿಸಿಕೊಂಡ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿ ಎಲ್ಲರಿಗೂ ಹೊಸದನ್ನು ಕಳಿಸಿದೆ. ಒಂದು ತಿಂಗಳಲ್ಲಿ ಅದು ಮೂರನೆಯ ಬದಲಾವಣೆ. ಅಧ್ಯಕ್ಷರು ಪ್ರತಿಕ್ರಿಯಿಸಲಿಲ್ಲ.

ಖಾಸಗಿ ಕಿಟಕಿಯಲ್ಲಿ ಪರೀಕ್ಷಿಸಿದೆ. ಪೆಟ್ಟಿಗೆ ಬಂತು. ತಪ್ಪು ಪಾಸ್‌ವರ್ಡ್ ಕೊಟ್ಟೆ, ಬಿಡಲಿಲ್ಲ. ಕೆಲಸ ಮುಗಿಯಿತೆಂದು ಸಂಘದ ಗುಂಪಿನಲ್ಲಿ ಘೋಷಿಸಿಯೂ ಬಿಟ್ಟೆ.

ಎರಡು ದಿನ ಬಿಟ್ಟು, ಬೇರೆ ಯಾವುದಕ್ಕೋ ಸದಸ್ಯರ ಪಟ್ಟಿಯ ಪಿಡಿಎಫ್ ಬೇಕಾಗಿ, ಹಳೆಯ ಇಮೇಲ್‌ನಲ್ಲಿದ್ದ ಅದರ ನೇರ ವಿಳಾಸವನ್ನು ಫೋನಿನಲ್ಲಿ ಒತ್ತಿದೆ. ಆ ಫೋನಿನಲ್ಲಿ ನಾನು ಎಂದೂ ಪಾಸ್‌ವರ್ಡ್ ಕೊಟ್ಟಿರಲಿಲ್ಲ. ಪಟ್ಟಿ ತೆರೆದುಕೊಂಡಿತು. ಹೆಸರು, ನಂಬರ್, ವಿಳಾಸ, ಬಾಕಿ ಚಂದಾ.

ಸರ್ವರಿನ ದಾಖಲೆ ನೋಡಿದರೆ ಆ ಹೊತ್ತಿಗೆ ಅಲ್ಲಿಗೆ ಯಾರೂ ಬಂದೇ ಇಲ್ಲ. ಕೇಳದೆ ಕೊಟ್ಟವರು ಯಾರು? ವರ್ಷದ ಹಿಂದೆ ಜಾಲತಾಣ ವೇಗವಾಗಲೆಂದು ನಮ್ಮ ಸರ್ವರಿನ ಮುಂದೆ ನಾನೇ ಒಂದು ಸಿಡಿಎನ್ ಸೇವೆ ನಿಲ್ಲಿಸಿದ್ದೆ. ಅದು ಚಿತ್ರ, ಪಿಡಿಎಫ್ ಮೊದಲಾದವುಗಳ ನಕಲು ಇಟ್ಟುಕೊಂಡು, ಕೇಳಿದವರಿಗೆ ನಮ್ಮನ್ನು ಕೇಳದೆಯೇ ಕೊಡುತ್ತದೆ. ಅದರ ಕೆಲಸವೇ ಅದು. ನಾನು ಬಾಗಿಲಿಗೆ ಬೀಗ ಜಡಿಯುವ ಮೊದಲೇ ನಕಲು ಹೊರಗೆ ಹೋಗಿತ್ತು. ಖಾಸಗಿ ಕಿಟಕಿಯಲ್ಲಿ ನಾನು ಪರೀಕ್ಷಿಸಿದ್ದು ಫೋಲ್ಡರಿನ ವಿಳಾಸವನ್ನು ಮಾತ್ರ. ಪುಟಗಳ ನಕಲನ್ನು ಸಿಡಿಎನ್ ಇಟ್ಟುಕೊಳ್ಳುತ್ತಿರಲಿಲ್ಲ, ಹಾಗಾಗಿ ಆ ವಿನಂತಿ ನಮ್ಮ ಸರ್ವರಿಗೆ ಬಂದು ಪೆಟ್ಟಿಗೆ ತೋರಿಸಿತು. ಪೆಟ್ಟಿಗೆ ಕಂಡದ್ದೇ ನಾನು ತೃಪ್ತನಾದೆ. ಕಾಯಬೇಕಾಗಿದ್ದದ್ದು ಪಿಡಿಎಫ್, ನಾನು ತಟ್ಟಿ ನೋಡಿದ್ದು ಬರೀ ಬಾಗಿಲು.

ಸಿಡಿಎನ್‌ನ ನಕಲುಗಳನ್ನೆಲ್ಲ ಅಳಿಸಿದೆ. ಪಿಡಿಎಫ್ ವಿಳಾಸವನ್ನೇ ಪರೀಕ್ಷಿಸಿದೆ, 401 ಬಂತು. ಹಾಯಾಗಿ ಮಲಗಿದೆ. ಬೆಳಗ್ಗೆ ಎದ್ದು, ಹಾಲಿನಿಂದ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುವಂತೆ, ಇನ್ನೊಮ್ಮೆ ನೋಡಿದೆ. ಪಟ್ಟಿ ಮತ್ತೆ ಬಟಾಬಯಲು.

ಇದು ನನ್ನನ್ನು ಅಕ್ಷರಶಃ ಹೆದರಿಸಿತು. ರಾತ್ರಿ ಮುಚ್ಚಿದ್ದ ಬಾಗಿಲು ಬೆಳಗಾಗುವುದರೊಳಗೆ ತಾನಾಗಿ ತೆರೆದಿತ್ತು. ಬಂದ ಉತ್ತರದ ತಲೆಬರಹಗಳನ್ನು, ಅಂದರೆ ಕಡತದ ಜೊತೆ ಬರುವ ಟಿಪ್ಪಣಿ ಸಾಲುಗಳನ್ನು, ತೆಗೆದು ನೋಡಿದೆ. ಏಜ್ ಎಂಬ ಒಂದು ತಲೆಬರಹ, ಈ ನಕಲಿಗೆ ಎಷ್ಟು ಸೆಕೆಂಡು ವಯಸ್ಸಾಗಿದೆ ಎಂದು ಹೇಳುತ್ತದೆ. ಲೆಕ್ಕ ಹಾಕಿದರೆ ಹಿಂದಿನ ರಾತ್ರಿ ಹತ್ತೂವರೆಯ ಸುಮಾರು. ಸರ್ವರಿನ ದಾಖಲೆಯಲ್ಲಿ ಆ ಹೊತ್ತಿಗೆ ಖಜಾಂಚಿಯವರು ತಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು, ನಿಯಮದಂತೆ ಒಳಗೆ ಬಂದು, ಪಟ್ಟಿ ತೆರೆದಿದ್ದರು. ಅವರಿಗೆ ಕೊಟ್ಟದ್ದನ್ನೇ ಸಿಡಿಎನ್ ನಕಲಿಸಿಕೊಂಡು ಆಮೇಲೆ ಬಂದವರಿಗೆಲ್ಲ ಹಂಚಿತ್ತು.

ಹಾಗೆ ಮಾಡಬಾರದು ಎಂದೇ ಎಚ್‌ಟಿಟಿಪಿಯ ನಿಯಮವಿದೆ. ಪಾಸ್‌ವರ್ಡ್ ಕೊಟ್ಟು ಪಡೆದ ಉತ್ತರವನ್ನು ಹಲವರಿಗೆ ಹಂಚುವ ನಡುವಣ ಸಂಗ್ರಹಗಳು ಉಳಿಸಿಕೊಳ್ಳಬಾರದು. ಸರ್ವರ್ ಸ್ವತಃ ಪರವಾಗಿಲ್ಲ ಎಂದಿದ್ದರೆ ಮಾತ್ರ ಉಳಿಸಿಕೊಳ್ಳಬಹುದು. ಸಿಡಿಎನ್ ನಿಯಮ ಮುರಿದಿರಲಿಲ್ಲ. ಪರವಾಗಿಲ್ಲ ಎಂದವನು ನಾನೇ. ವರ್ಷದ ಹಿಂದೆ, ಅದೇ ವೇಗದ ಹುಚ್ಚಿನಲ್ಲಿ, ಜಾಲತಾಣದ ಎಲ್ಲ ಪಿಡಿಎಫ್ ಮತ್ತು ಚಿತ್ರಗಳಿಗೆ ಕ್ಯಾಶ್ ಕಂಟ್ರೋಲ್ ಎಂಬ ತಲೆಬರಹದಲ್ಲಿ ಪಬ್ಲಿಕ್ ಎಂದು ಬರೆದು, ಒಂದು ತಿಂಗಳ ಅವಧಿ ಕೊಟ್ಟಿದ್ದೆ. ಪಬ್ಲಿಕ್ ಎಂದರೆ ಸಾರ್ವಜನಿಕ. ಇದಕ್ಕಿಂತ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಬೀಗ ಹಾಕಿದ ಕೋಣೆಯಿಂದ ಹೊರಡುವ ಪ್ರತಿ ಕಾಗದದ ಮೇಲೂ 'ಯಾರಿಗೆ ಬೇಕಾದರೂ ಕೊಡಿ' ಎಂಬ ಮೊಹರು ಒತ್ತುತ್ತಿದ್ದೆ.

ಆ ಫೋಲ್ಡರಿನ ವಿಭಾಗದಲ್ಲಿ ಪಬ್ಲಿಕ್ ಬದಲು ಪ್ರೈವೇಟ್ ಮತ್ತು ನೋ ಸ್ಟೋರ್ ಎಂದು ಬರೆದೆ. ಅಂದರೆ ಖಾಸಗಿ, ಎಲ್ಲೂ ಉಳಿಸಿಕೊಳ್ಳಬೇಡ. ನಕಲುಗಳನ್ನು ಮತ್ತೆ ಅಳಿಸಿದೆ. ಆಮೇಲೆ ಬೇಕೆಂದೇ ಖಜಾಂಚಿಯವರ ಹಾಗೆ ಒಳಗೆ ಹೋಗಿ ಪಟ್ಟಿ ತೆರೆದು, ಹೊರಗೆ ಬಂದು, ಫೋನಿನಲ್ಲಿ ಅಪರಿಚಿತನ ಹಾಗೆ ಕೇಳಿದೆ. 401. ಒಂದು ಫೋಟೊ ಕೇಳಿದೆ, 401. ಮರುದಿನ ಬೆಳಗ್ಗೆ, 401. ಆ ಸಂಖ್ಯೆಯ ಮೇಲೆ ನನಗೆ ಪ್ರೀತಿಯೇ ಹುಟ್ಟಿದೆ.

ಸದಸ್ಯರಿಗೆ ಕಳಿಸಿದ ಸೂಚನೆಯಲ್ಲಿ ಒಂದು ಮಾತು ಸೇರಿಸಬೇಕಾಯಿತು. ಈ ಪೆಟ್ಟಿಗೆಗೆ ಒಳಬರುವ ದಾರಿ ಇದೆ, ಹೊರಹೋಗುವ ಗುಂಡಿ ಇಲ್ಲ. ಬ್ರೌಸರ್ ಮುಚ್ಚುವವರೆಗೆ ಅದು ಪಾಸ್‌ವರ್ಡನ್ನು ನೆನಪಿನಲ್ಲಿಟ್ಟುಕೊಂಡು ಕಳಿಸುತ್ತಲೇ ಇರುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ನೋಡುವುದಾದರೆ ಖಾಸಗಿ ಕಿಟಕಿಯಲ್ಲಿ ನೋಡಿ, ಎದ್ದು ಹೋಗುವಾಗ ಅದನ್ನು ಪೂರ್ತಿ ಮುಚ್ಚಿ. ಎಷ್ಟು ಜನ ಓದಿದರೋ.

ಕೆಲವು ವಾರ ದಾಖಲೆಗಳನ್ನು ನೋಡುತ್ತಿದ್ದೆ. ಹುಡುಕು ಯಂತ್ರ ಬಂದು ಒಂದೊಂದೇ ಕಡತದ ಬಾಗಿಲು ತಟ್ಟಿ, 401 ಪಡೆದು ಹಿಂದಿರುಗುತ್ತಿತ್ತು. ಹುಡುಕಾಟದ ಫಲಿತಾಂಶದಲ್ಲಿ ನಮ್ಮ ಪಟ್ಟಿಗಳು ಒಂದೊಂದಾಗಿ ಕಾಣೆಯಾದವು. ಅರ್ಧ ದಿನ ಮಾತ್ರ ಬಾಳಿದ ನನ್ನ ರೋಬಾಟ್ಸ್ ಸಾಲನ್ನು ಯಾರೋ ಅಷ್ಟರಲ್ಲೇ ಓದಿಕೊಂಡಿದ್ದರೆಂದು ಕಾಣುತ್ತದೆ. ಗುರುತಿಲ್ಲದ ಯಂತ್ರವೊಂದು ನೇರ ಆ ಫೋಲ್ಡರಿಗೇ ಬಂದು ಅಡ್ಮಿನ್ ಎಂಬ ಹೆಸರಿನಲ್ಲಿ ನೂರಾರು ಪಾಸ್‌ವರ್ಡ್ ಹೊಂದಿಸಿ ನೋಡುತ್ತಿತ್ತು. ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ. ಎಷ್ಟು ಸಲ ಸೋತರೂ ಈ ಪದ್ಧತಿ ಬೇಸರಪಡದೆ ಮತ್ತೆ ಕೇಳುತ್ತದೆ, ಆದ್ದರಿಂದ ಪದೇ ಪದೇ ಸೋತ ವಿಳಾಸಗಳನ್ನು ದಾಖಲೆ ನೋಡಿ ಕೆಲ ಹೊತ್ತು ಹೊರಗಿಡುವ ಫೇಲ್‌2ಬ್ಯಾನ್ ಎಂಬ ಉಪಕರಣವನ್ನು ಹಾಕಿದೆ. ಎದುರಿಗೆ ಸಿಡಿಎನ್ ಇರುವುದರಿಂದ ಬಂದವರ ನಿಜವಾದ ವಿಳಾಸ ದಾಖಲೆಗೆ ಇಳಿಯುವಂತೆ ಮೊದಲು ಮಾಡಿಕೊಳ್ಳಬೇಕಿತ್ತು. ಇಲ್ಲವಾಗಿದ್ದರೆ ಸಿಡಿಎನ್ನನ್ನೇ ಹೊರಗಿಟ್ಟು ಇಡೀ ಜಾಲತಾಣವನ್ನು ಮುಳುಗಿಸುತ್ತಿದ್ದೆ. ಈ ಒಂದನ್ನು ಮಾತ್ರ ಎಡವುವ ಮೊದಲೇ ಓದಿಕೊಂಡಿದ್ದೆ.

ಮೊನ್ನೆ ಬೆಳಗ್ಗೆ ಏಳಕ್ಕೆ ಅದೇ ಹಿರಿಯರ ಫೋನ್.

"ಹುಡುಕಿದೆ. ನನ್ನ ನಂಬರ್ ಎಲ್ಲೂ ಇಲ್ಲ. ಒಳ್ಳೆಯ ಕೆಲಸ ಮಾಡಿದಿರಿ."

"ಸಂತೋಷ ಸರ್."

"ಖಜಾಂಚಿಯವರ ನಂಬರೂ ಇಲ್ಲವಲ್ಲ? ಮೊದಲು ಹುಡುಕಿದರೆ ತಕ್ಷಣ ಬರುತ್ತಿತ್ತು."

ಸದಸ್ಯರ ಹೆಸರು, ಪಾಸ್‌ವರ್ಡ್ ಎರಡನ್ನೂ ನಿಧಾನವಾಗಿ ಬಿಡಿಸಿ ಹೇಳಿದೆ. ಬರೆದುಕೊಂಡರು. ಬಹಳ ಉದ್ದವಾಯಿತು, ಎಂಟಕ್ಷರಕ್ಕೆ ಇಳಿಸಲು ಬರುವುದಿಲ್ಲವೇ ಎಂದು ಕೇಳಿದರು.